"ನೀರ ಬಂದಾವ" ಎಂಬ ಕೂಗು

ಇಲ್ಲದವರ ದನಿ ಕೇಳಿತು, ಯಾರೋ ಕರೆದರು ಎಂದೆಲ್ಲ ಹೇಳುವವರನ್ನು ಕಂಡರೆ ಮೊದಲು ನನಗೆ ನಗು ಬರುತ್ತಿತ್ತು. ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾದವಳು ನಾನು. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನವರು ಕಾಶಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಅಸ್ಸಿ ಘಾಟಿನಿಂದ ಆಚೆ ಹೊಸದಾಗಿ ಎದ್ದಿದ್ದ ಕಾಲೊನಿಯಲ್ಲಿ ನಮ್ಮ ಬಾಡಿಗೆ ಮನೆ. ಎದುರಿಗೆ ಸಣ್ಣ ಪಾರ್ಕು, ಮೂಲೆಯಲ್ಲಿ ಹಾಲಿನ ಡೇರಿ, ಗೇಟಿನ ಪಕ್ಕ ನಾಲ್ಕು ಮನೆಗೆ ಸೇರಿ ಒಂದು ನಳ. ಹುಬ್ಬಳ್ಳಿಯ ಹಂಚಿನ ಮನೆಯಲ್ಲಿ ಬೆಳೆದ ನನಗೆ ಆ ಗಾಜಿನ ಕಿಟಕಿಯ ತಾರಸಿ ಮನೆ ಅರಮನೆಯೇ. ಕನ್ನಡ ಕೇಳಬೇಕೆಂದರೆ ಮಾತ್ರ ನಮ್ಮ ಕಡೆಯ ಜನರಿದ್ದ ಶಿವಾಲದ ಓಣಿಯವರೆಗೆ ರಿಕ್ಷಾ ಮಾಡಬೇಕಿತ್ತು.

ಆ ಜನವರಿಯಲ್ಲಿ ಮಗಳಿಗೆ ಇಪ್ಪತ್ತು ದಿನ. ಕಾಲು ಮುರಿದುಕೊಂಡಿದ್ದ ಅತ್ತೆ ಬಾಣಂತನಕ್ಕೆ ಬರಲಾಗದೆ ಕಾಗದ ಬರೆಸಿದ್ದರು: "ಹೊರಸಿನ ಕೆಳಗ ಶೇಗಡಿ ಇಡೋದು ಮರೀಬ್ಯಾಡವಾ. ಬಾಣಂತಿ ಬೆನ್ನು ಬೆಚ್ಚಗಿರಬೇಕು." ನನ್ನವರು ಗೋದೌಲಿಯಾ ಪೇಟೆಯಿಂದ ಅಂಗೀಠಿ, ಅಂದರೆ ಅಲ್ಲಿಯ ಶೇಗಡಿ, ತಂದು ಇದ್ದಿಲಿನ ಕೆಂಡ ಮಾಡಿ ಹೊರಸಿನ ಕೆಳಗಿಟ್ಟರು. ಕಿಟಕಿಯ ಸಂದಿಗೆಲ್ಲ ಹಳೆಯ ಪೇಪರು ತುರುಕಿದರು. "ಮಹಾರಾಣಿ, ಇನ್ನ ಚಳಿ ಅಂದ್ರ ನಾ ಕೇಳಂಗಿಲ್ಲ" ಎಂದು ನಗುತ್ತಾ ಲ್ಯಾಬಿಗೆ ಹೋದರು.

ಊರಲ್ಲಿ ಹಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು, ಇಲ್ಲಿ ಅದಕ್ಕೆ ದಾರಿಯಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಏನಾಗುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ನಾನು.

ಮಧ್ಯಾಹ್ನ ಮಗಳಿಗೆ ಹಾಲೂಡಿಸಿ ಮಲಗಿದೆ. ತಲೆ ಭಾರವಾಯಿತು. ಒಳ್ಳೆಯ ನಿದ್ದೆ ಬರುತ್ತಿದೆ ಎಂದುಕೊಂಡೆ. ಎಷ್ಟು ಹೊತ್ತಾಗಿತ್ತೋ, ಹೊರಗಿನಿಂದ ಹೆಂಗಸೊಬ್ಬಳ ದನಿ: "ನೀರ ಬಂದಾವೋ! ಲಗೂ ಬಾರವಾ!"

ಹುಬ್ಬಳ್ಳಿಯಲ್ಲಿ ಈ ಕೂಗು ಬಿದ್ದರೆ ಉಣ್ಣುವ ತಟ್ಟೆ ಬಿಟ್ಟು ಓಡುವವರು ನಾವು. ಕಣ್ಣು ಬಿಡುವ ಮೊದಲೇ ಎದ್ದಿದ್ದೆ. ಕಾಲಲ್ಲಿ ಬಲವಿರಲಿಲ್ಲ. ಕೊಡ ಎತ್ತಿಕೊಂಡು, ಗೋಡೆ ಹಿಡಿದು ಹೋಗಿ ಚಿಲಕ ತೆಗೆದೆ. ಹೊರಗೆ ಕಾಲಿಡಬೇಕು, ಅದೇ ದನಿ, ಈ ಸಲ ಕಿವಿಯ ಪಕ್ಕದಲ್ಲೇ, ಅಣಕಿಸುವಂತೆ: "ಕೊಡಾ ನೆನಪಾತು, ಕೂಸು ನೆನಪಾಗ್ಲಿಲ್ಲೇನ ಹುಚ್ಚಿ?"

ಕೊಡವನ್ನು ಹೊಸ್ತಿಲ ಮೇಲಿಟ್ಟು ತಿರುಗಿ ಹೋದೆ. ಹೊರಸಿನವರೆಗಿನ ಆ ಆರು ಹೆಜ್ಜೆಗಳನ್ನು ಇಂದಿಗೂ ನಿದ್ದೆಯಲ್ಲಿ ನಡೆಯುತ್ತೇನೆ. ಎತ್ತಿಕೊಂಡಾಗ ಮಗಳ ಕತ್ತು ನನ್ನ ತೋಳಿನ ಮೇಲೆ ಬಟ್ಟೆಯ ಹಾಗೆ ಜೋತುಬಿತ್ತು. ಹೊಸ್ತಿಲು ದಾಟಿದ್ದಷ್ಟೇ ನೆನಪು.

ಕೊಡ ಉರುಳಿದ ಸದ್ದಿಗೆ, ಪಾರ್ಕಿನಲ್ಲಿ ಬಿಸಿಲು ಕಾಯುತ್ತಾ ಸ್ವೆಟರ್ ಹೆಣೆಯುತ್ತಿದ್ದ ಪಕ್ಕದ ಮನೆಯ ಚಾಚಿ ಓಡಿಬಂದರಂತೆ. ನನಗೆ ಎಚ್ಚರವಾದಾಗ ಅವರು ಮಗಳ ಬೆನ್ನುಜ್ಜುತ್ತಾ, ಅಳುತ್ತಾ, ಕೋಣೆ ಮುಚ್ಚಿ ಕೆಂಡ ಇಡುತ್ತಾರೇನೇ ಹುಚ್ಚಿ ಎಂದು ನನ್ನನ್ನು ಬೈಯುತ್ತಿದ್ದರು: "ಅರೇ ಪಗಲೀ, ಕಮರಾ ಬಂದ್ ಕರಕೇ ಅಂಗೀಠೀ?" ಸ್ವಲ್ಪ ಹೊತ್ತಿಗೆ ಮಗಳು ಕಿರುಚಿ ಅತ್ತಳು. ಅಷ್ಟು ಚೆಂದದ ಅಳು ನಾನು ಮತ್ತೆ ಕೇಳಿಲ್ಲ.

ಆಮೇಲೆ, ನಳದ ಹತ್ತಿರ ಕೂಗಿದ್ದು ಯಾರು ಎಂದು ಕೇಳಿದೆ. "ಕೋಈ ನಹೀಂ, ಬಹೂ", ಯಾರೂ ಇಲ್ಲ, ಎಂದರು ಚಾಚಿ. ಊಟವಾದಾಗಿನಿಂದ ಅವರು ನಮ್ಮ ಗೇಟಿನ ಎದುರೇ ಕುಳಿತಿದ್ದರು. ನಳವೂ ಒಣಗಿತ್ತು, ನೀರು ಬರುವುದು ಸಂಜೆ ಐದಕ್ಕೆ.

ವಿಷಾನಿಲ ತಲೆಗೇರಿದರೆ ಇಲ್ಲದ ಸದ್ದು ಕೇಳಬಹುದು ಎಂದರು ನನ್ನವರು. ಇರಬಹುದು. ನೀರಿನ ಕೂಗಿಗೆ ಏಳುವುದು ನನ್ನ ಅಭ್ಯಾಸ, ಅಷ್ಟನ್ನು ಒಪ್ಪುತ್ತೇನೆ. ಆದರೆ ಬಾಗಿಲಲ್ಲಿ ನನ್ನನ್ನು ಬೈದ ದನಿ ನನಗೆ ಗೊತ್ತಿದ್ದ ಯಾರದ್ದೂ ಅಲ್ಲ.

ಊರಿಗೆ ಹೋದಾಗಲೆಲ್ಲ ನಳದ ಸಾಲಿನಲ್ಲಿ ನಿಂತ ಹೆಂಗಸರ ಮಾತಿಗೆ ಕಿವಿಗೊಡುತ್ತೇನೆ. ಆ ದನಿ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಮಗಳನ್ನು ಕರೆದೊಯ್ದು ತೋರಿಸಬೇಕು: ನೋಡು, ನಾನು ನಿನ್ನನ್ನು ಮರೆತಿದ್ದೆ, ಇವರು ಮರೆಯಲಿಲ್ಲ.