ಅಮ್ಮನ ಹಸಿರು ಸೀರೆಯ ಕೌದಿ

ಬ್ಯಾಡಗಿ ಎಂದರೆ ನಮ್ಮ ಕುಂದಾಪುರದ ಅಡುಗೆಮನೆಯಲ್ಲಿ ಒಂದು ಡಬ್ಬಿಯ ಹೆಸರು. ಮೀನು ಸಾರಿಗೆ ಬಣ್ಣ ಕೊಡುವ ಮೆಣಸು, ಅಷ್ಟೇ. ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ವರ್ಗವಾಗಿ ಇಲ್ಲಿ ಬಂದಿಳಿದ ಬೆಳಿಗ್ಗೆ ಆ ಡಬ್ಬಿಯೊಳಕ್ಕೇ ಯಾರೋ ನನ್ನನ್ನು ಎತ್ತಿ ಹಾಕಿದಂತಾಯಿತು. ಮಾರುಕಟ್ಟೆಯತ್ತ ಸಾಲಾಗಿ ಹೊರಟ ಚೀಲಗಳ ಘಾಟಿಗೆ ಸೀನು ನಿಲ್ಲಲಿಲ್ಲ, ಕಣ್ಣು ಸುರಿಯಿತು. ಮನೆಯ ಒಡತಿ ಕಾಶವ್ವ ಬಾಗಿಲಲ್ಲೇ ನಿಂತು ಕೇಳಿದರು: “ಯಾಕ್ರಿ ಬಾಯಾರ, ಅಳಾಕತ್ತೀರೇನು?”

ಮೆಣಸಿನ ಘಾಟು ಎಂದೆ. ಅಮ್ಮ ತೀರಿಕೊಂಡು ಎರಡೇ ತಿಂಗಳಾಗಿತ್ತು, ಅದನ್ನು ಹೇಳಲಿಲ್ಲ.

ಕಾಶವ್ವನ ಮನೆಯ ಮಹಡಿಯಲ್ಲಿ ಒಬ್ಬಳೇ ಇರತೊಡಗಿದೆ. ನಮ್ಮಲ್ಲಿ ಮೈ ಸದಾ ಬೆವರಿನಿಂದ ಅಂಟುತ್ತದೆ, ಇಲ್ಲಿ ಚಳಿಗಾಲಕ್ಕೆ ತುಟಿ ಒಡೆಯುತ್ತದೆ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವಳಿಗೆ ಖಡಕ್ ರೊಟ್ಟಿ ಮುರಿಯುವುದೇ ಒಂದು ವಿದ್ಯೆಯಾಯಿತು. ಭಾಷೆಯೂ ಹಾಗೇ. ನಾನು “ಎಂತ?” ಎಂದರೆ ಲ್ಯಾಬಿಗೆ ಬಂದವರು ನಗುತ್ತಿದ್ದರು. ಅವರು “ಆರಾಮ ಅದೀರಿಲ್ರಿ?” ಎಂದರೆ, ರಕ್ತ ಪರೀಕ್ಷೆಗೆ ಬಂದವರೇ ನನ್ನ ಆರೋಗ್ಯ ಯಾಕೆ ವಿಚಾರಿಸುತ್ತಾರೆಂದು ನಾನು ತಬ್ಬಿಬ್ಬಾಗುತ್ತಿದ್ದೆ. ಭಾನುವಾರಗಳು ಮಾತ್ರ ಉದ್ದಕ್ಕೆ ಎಳೆಯುತ್ತಿದ್ದವು.

ಅಂಥದೊಂದು ಭಾನುವಾರ ಪೆಟ್ಟಿಗೆ ತೆರೆದು ಅಮ್ಮನ ಸೀರೆಗಳನ್ನು ಬಿಸಿಲಿಗೆ ಹರವಿದೆ. ಕಾಶವ್ವ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಿಂದಲೇ ಹೊಲಿಯುವ ಹೊದಿಕೆ ಅದು.

“ಪೆಟಗ್ಯಾಗ ಇಟ್ರ ಹುಳ ತಿಂತಾವ್ರಿ,” ಎಂದರು. “ಕೌದಿ ಮಾಡ್ರಿ. ಮೈಮ್ಯಾಲ ಇರ್ತಾರ ನಿಮ್ಮವ್ವ.”

ಅಂದೇ ಕುಳಿತೆ. ಕಾಗದದ ಮೇಲೆ ಒಂದೇ ಅಳತೆಯ ಚೌಕಗಳನ್ನು ಬರೆದು ತೋರಿಸಿದೆ. ಕಾಶವ್ವ ಕಾಗದವನ್ನು ಪಕ್ಕಕ್ಕಿಟ್ಟರು. “ಎಲ್ಲಾ ಒಂದ ಅಳತಿ ಯಾಕ? ಹರದದ್ದ ಬಿಟ್ಟು ಗಟ್ಟಿ ಎಷ್ಟ ಉಳಿದೈತಿ, ಅಷ್ಟ ತಗೋರಿ.” ಹಾಗೆ ದೊಡ್ಡದೂ ಚಿಕ್ಕದೂ ತುಂಡುಗಳು ಬಂದವು. ತಮ್ಮ ತವರೂರು ಕುಪ್ಪೇಲೂರಿನಿಂದ ತಂದಿದ್ದ ಕುಪ್ಪಸದ ಬಟ್ಟೆಯ ಚೂರುಗಳನ್ನೂ ಅವರು ಕೊಟ್ಟರು. ನನ್ನ ಹಳೆಯ ಲ್ಯಾಬ್ ಕೋಟಿನ ಬಿಳಿ ತುಂಡಿಗೆ ಮಾತ್ರ ಒಪ್ಪಲಿಲ್ಲ, ಹೊಲಸಾಗುತ್ತದೆ ಎಂದರು. ನಾನು ಹಟ ಹಿಡಿದು ಅದನ್ನು ಒಂದು ಅಂಚಿಗೆ ಇಟ್ಟೆ.

ನಡುವಿಗೆ ಅಮ್ಮನ ಹಸಿರು ಸೀರೆಯನ್ನು ಕತ್ತರಿಸಬೇಕೆಂದು ತಂಗಿ ಶ್ಯಾಮಲಳಿಗೆ ಫೋಟೋ ಕಳಿಸಿದೆ. ಕೂಡಲೇ ಕುಂದಾಪುರದಿಂದ ಫೋನ್ ಬಂತು.

“ಅದ್ಕೆ ಕತ್ತರಿ ಹಾಕುಕಾಗ ಅಕ್ಕ. ನಿನ್ ಹತ್ರ ಈಗ ಅಮ್ಮನ್ ಪೆಟ್ಟಿಗಿ ಇತ್ತ್. ನನ್ ಹತ್ರ ಎಂತ ಇತ್ತ್?”

ಪೆಟ್ಟಿಗೆಯನ್ನು ಅವಳನ್ನು ಕೇಳದೆಯೇ ತಂದಿದ್ದೆ. ಆಮೇಲೆ ಮೂರು ವಾರ ಅವಳು ನನ್ನ ಫೋನ್ ಎತ್ತಲಿಲ್ಲ. ನಾನು ಸೂಜಿ ಮುಟ್ಟಲಿಲ್ಲ.

ಕಾಶವ್ವ ಕಾರಣ ಕೇಳಿದರು. ಈ ಸಲ ಎಲ್ಲವನ್ನೂ ಹೇಳಿದೆ, ಅಮ್ಮನ ಸಾವನ್ನೂ. ಅವರು ಹಸಿರು ಸೀರೆಯನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಅಂಗೈಯಿಂದ ಸವರಿದರು.

“ಕತ್ರಿ ಯಾಕ ಬೇಕ ತಂಗಿ? ಇದನ್ನ ಇಡೀದಕ್ಕ ಇಡೀದ ಕೆಳಗ ಹಾಸು. ತುಂಡೆಲ್ಲಾ ಮ್ಯಾಲ ಇರ್ಲಿ.”

ಮರ್ಯಾದೆಯ ‘ಬಾಯಾರ’ ಹೋಗಿ ‘ತಂಗಿ’ ಆದದ್ದನ್ನು ನಾನು ಆಗ ಗಮನಿಸಲೇ ಇಲ್ಲ. ಇಬ್ಬರು ಹೊದೆಯುವಷ್ಟು ಅಗಲ ಮಾಡುವ ಆಸೆಯಿತ್ತು. ಮಡಿಸಿದ ಸೀರೆ ಒಬ್ಬರಿಗಷ್ಟೇ ಸಾಕಾಗುತ್ತಿತ್ತು. ಅಷ್ಟಕ್ಕೇ ಇಳಿಸಿದೆ. ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಹೊಲಿದೆವು. ನನ್ನ ಹೊಲಿಗೆ ಅಂಕುಡೊಂಕು, ಅವರದು ಅಕ್ಕಿಕಾಳು ಇಟ್ಟಂತೆ. ಕೊನೆಯ ಮೂಲೆ ಮುಚ್ಚುವ ಮುನ್ನ ಕಾಶವ್ವ ಒಳಗೆ ಒಂದು ಚಿಟಿಕೆ ಜೋಳ ಹಾಕಿದರು. ಕೌದಿಯನ್ನು ಬರಿ ಹೊಟ್ಟೆಯಲ್ಲಿ ಬಿಡಬಾರದೆಂಬುದು ಅವರ ಮನೆಯ ರೂಢಿ.

ಮೇ ತಿಂಗಳಲ್ಲಿ ಕುಂದಾಪುರಕ್ಕೆ ಒಯ್ದೆ. ಶ್ಯಾಮಲಾ ಬಿಡಿಸಿ, ತಿರುವಿ ಹಾಕಿದಳು. ಅಂಚಿನಿಂದ ಅಂಚಿಗೆ ಹಸಿರು. ಆ ಉರಿಸೆಕೆಯಲ್ಲಿ ಕೌದಿಯನ್ನು ಹೊದ್ದುಕೊಂಡು ಫ್ಯಾನಿನ ಕೆಳಗೆ ಮಲಗಿಬಿಟ್ಟಳು. ಹಣೆಯಲ್ಲಿ ಬೆವರು.

“ಸೆಕಿ ಆತಿಲ್ಯಾ?” ಎಂದೆ.

“ಆದ್ರೆ ಆಯ್ಲಿ,” ಎಂದಳು.

ವಾಪಸು ತರಬೇಕೆಂದುಕೊಂಡಿದ್ದ ಕೌದಿಯನ್ನು ಅಲ್ಲೇ ಬಿಟ್ಟೆ. ಬಸ್ಸು ಹೊರಡುವಾಗ ಅವಳು ಕಿಟಕಿಯ ಬಳಿ ಬಂದು, “ಊರಿಗೆ ಮುಟ್ಟಿದ್ ಕೂಡ್ಲೇ ಫೋನ್ ಮಾಡ್,” ಎಂದಳು. ಊರು ಎಂದರೆ ಬ್ಯಾಡಗಿ.

ಇಲ್ಲಿ ಕಾಶವ್ವ ಕಟ್ಟೆಯ ಮೇಲೆ ಕುಳಿತಿದ್ದರು. “ಇಷ್ಟ ಲಗೂ ಬಂದ್ಯಾ? ಊರಾಗ ಇನ್ನಾ ನಾಕ ದಿನ ಇರಬೇಕಿಲ್ಲ?” ಊರು ಎಂದರೆ ಕುಂದಾಪುರ.

“ಇರಾಕ ಆಗಲಿಲ್ಲ ಕಾಶವ್ವ,” ಎಂದೆ. ಮೆಟ್ಟಿಲು ಹತ್ತುತ್ತಾ ತಂಗಿಗೆ ಫೋನ್ ಮಾಡಿ, “ಮುಟ್ಟಿದೆ ಕಾಣ್,” ಎಂದೆ.