ನೆಟ್ಟಗಿರುವ ಬೆರಳು

ಐರ್ಲೆಂಡಿನಲ್ಲಿ ಹದಿನೇಳು ವರ್ಷ, ಕೋಲಿನಿಂದ ಚೆಂಡು ಬಾರಿಸುವ ಹರ್ಲಿಂಗ್ ಆಡಿ ನಿವೃತ್ತನಾದ ಫಿನ್‌ಬಾರ್, ಅಮೆರಿಕದ ಕ್ಯಾರಲ್ಟನ್ನಿನ ಕ್ಲಿನಿಕ್ಕಿನಲ್ಲಿ ಬಳೆಗಾರನ ಮುಂದೆ ಕೂತ ಮದುಮಗಳಂತೆ ಎರಡೂ ಕೈ ಚಾಚುತ್ತಾನೆ. ಫಿಸಿಯೋ ಸುಚೇತಾ ತೀಡುವ ಒಂದೊಂದು ಸೊಟ್ಟ ಬೆರಳಿಗೂ ಅವನಲ್ಲಿ ಒಂದೊಂದು ಪಂದ್ಯವಿದೆ. ಹೆಬ್ಬೆರಳು ಸೆಮಿಫೈನಲ್, ತೋರುಬೆರಳು ಆಲಿಕಲ್ಲು ಬಿದ್ದ ದಿನದ್ದು. ಅದನ್ನು ಮುರಿದ ಎದುರಾಳಿ ಅವನ ಕತೆಯಲ್ಲಿ ವಾರವಾರವೂ ಬೆಳೆಯುತ್ತ, ಈಗ ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಎತ್ತರವಾಗಿದ್ದಾನೆ. ಕೇಳಿ ಕೇಳಿ ಸುಚೇತಾಗೆ ಎಲ್ಲ ಬಾಯಿಪಾಠ. ಹೇಳಿ ಹೇಳಿ ಅವನಿಗೂ ದಣಿವು. ಒಂಬತ್ತು ಬೆರಳು ಮುಗಿದದ್ದೇ ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ. ಬಲಗೈ ಕಿರುಬೆರಳೊಂದೇ ಕಡ್ಡಿಯಂತೆ ನೆಟ್ಟಗಿದೆ. ಇವತ್ತು ಅವಳು ಬಿಡಲಿಲ್ಲ. “ಇದು ಯಾವ ಮ್ಯಾಚು, ಅಂಕಲ್?” ಫಿನ್‌ಬಾರ್ ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. “ಫೈನಲ್ಲು,” ಎಂದ. “ಅವತ್ತು ನನ್ನನ್ನ ಬೆಂಚಿಂದ ಏಳಿಸ್ಲೇ ಇಲ್ಲ.”