ಕಾವೂರಿನ ಗದ್ದೆಯ ಹಿಡಿ ತೆನೆ

ತೆನೆ ಕೇಳಲು ಬಂದ ದಿನ ಗದ್ದೆಯ ಒಡತಿಯ ಕೈಯಲ್ಲಿ ಕೊಯ್ಯುವ ಕತ್ತಿ ಇತ್ತೇ? ನನ್ನ ನೆನಪಿನಲ್ಲಿ ಇದೆ. ಆದರೆ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನ್ನ ತಪ್ಪು ಇನ್ನಷ್ಟು ದೊಡ್ಡದಾಗಿ ಕಾಣಲೆಂದು ಆ ಕತ್ತಿಯನ್ನು ಆಮೇಲೆ ನಾನೇ ಸೇರಿಸಿರಬಹುದು.

ಕಾವೂರಿನಲ್ಲಿ ಫ್ಲ್ಯಾಟುಗಳ ನಡುವೆ ಉಳಿದುಕೊಂಡ ಆ ಗದ್ದೆ ಅವರ ಮನೆಯದು. ಗಂಡನಿಗೆ ಹೋಟೆಲ್ ಇದೆ, ಊಟದ ಅಕ್ಕಿ ಅಂಗಡಿಯಿಂದ ಬರುತ್ತದೆ. ಬೇಸಾಯ ಬಿಡದಿದ್ದುದು ಕುರಲ್ ಹಬ್ಬಕ್ಕಾಗಿ; ಕುರಲ್ ಎಂದರೆ ತುಳುವಿನಲ್ಲಿ ತೆನೆ. ಅಂದು ಸ್ವಂತ ಗದ್ದೆಯ ಹೊಸ ತೆನೆ ತಂದು ಬಾಗಿಲಿಗೂ ಅಕ್ಕಿಯ ಡಬ್ಬಕ್ಕೂ ಕಟ್ಟಿ, ಒಂದಷ್ಟು ಕಾಳು ಸುಲಿದು ಪಾಯಸಕ್ಕೆ ಹಾಕುತ್ತಾರೆ. ಅಂಥ ಗದ್ದೆಯನ್ನು ನಾನು ಪ್ರಯೋಗಕ್ಕೆ ಕೇಳಿದೆ. ನೆರೆನೀರಿನಲ್ಲಿ ಮುಳುಗಿದರೂ ಕೊಳೆಯದೆ ಬೇಗ ಕೊಯ್ಲಿಗೆ ಬರುವ ಭತ್ತ ನನ್ನ ಸಂಶೋಧನೆ. ಅದು ಗೆದ್ದರೆ ಮಳೆ ಹೆಚ್ಚಿರುವ ಎಷ್ಟೋ ಬಡ ದೇಶಗಳಲ್ಲಿ ಜನ ಹಸಿದಿರಬೇಕಾಗಿಲ್ಲ ಎಂದಿದ್ದೆ. ಹೌದು, ಹಾಗೆಯೇ ಎಂದಿದ್ದೆ. ಅವರು ಒಪ್ಪಿದರು.

ಆ ವರ್ಷ ನಾವು ನೆಟ್ಟದ್ದು ತಡವಾಯಿತು. ಹಬ್ಬ ಬಂದಾಗ ಅಂಚಿನ ಸಾಲುಗಳಲ್ಲಿದ್ದ ಊರಿನ ತಳಿ ಇನ್ನೂ ಹಸಿರು. ಬಲಿತದ್ದು ನಡುವಿನ ಒಂದೇ ಪಾತಿ, ನನ್ನ ಹೊಸ ತಳಿಯದು.

"ಒಂದು ಹಿಡಿ ಸಾಕು ಮಾರಾಯ್ರೆ, ಈ ಪಾತಿಯಿಂದ ಕೊಯ್ತೇನೆ," ಎಂದರು ಆಕೆ.

"ಅದು ಆಗುದಿಲ್ಲ ಅಕ್ಕಾ. ಇಳುವರಿ ತೂಗ್ಲಿಕ್ಕೆ ಉಂಟು. ಒಂದು ತೆನೆ ಕಡಿಮೆಯಾದ್ರೂ ಲೆಕ್ಕ ತಪ್ತದೆ."

"ಎಂತ, ನಮ್ಮದೇ ಗದ್ದೆಯಲ್ಲಿ ನಮಗೆ ಕುರಲ್ ಇಲ್ವಾ?"

ಬದುವಿನ ಮೇಲಿದ್ದ ಗಂಡ ನಕ್ಕರು. "ಬಿಡು ಮಾರಾಯ್ತಿ. ಲೋಕಕ್ಕೆಲ್ಲ ಅನ್ನ ಹಾಕುವವರು, ನಿನ್ನ ಪಾಯಸ ಯಾವ ಲೆಕ್ಕ?"

ಆಕೆಯೂ ನಕ್ಕರೆಂದು ನನ್ನ ಭಾವನೆ. ಆಮೇಲೆ ಸ್ಕೂಟರ್ ಹತ್ತಿ ಮಾರ್ಕೆಟ್ಟಿಗೆ ಹೋಗಿ ತೆನೆ ಕೊಂಡು ತಂದರು. ಸಂಜೆ ನನಗೂ ಒಂದು ಲೋಟ ಪಾಯಸ ಬಂತು. ಕುಡಿದೆ. ರುಚಿಯಾಗಿತ್ತು ಎಂಬುದು ಮಾತ್ರ ಖಂಡಿತ ನೆನಪಿದೆ.

ಮರುವಾರ, ಹಕ್ಕಿ ಬಾರದಂತೆ ಹೊದಿಸಿದ್ದ ಬಲೆಯ ಒಂದು ಮೂಲೆ ಹರಿದು ಗಿಳಿಗಳು ಅದೇ ಪಾತಿಗೆ ಇಳಿದವು. ಆಕೆ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ತಿಂದು ಹೋದವು. ನಾನು ಗಾಬರಿಯಾಗಲಿಲ್ಲ. ಹಕ್ಕಿ ತಿಂದ ನಷ್ಟವನ್ನು ಅಂದಾಜಿಸಿ ಇಳುವರಿಗೆ ಸೇರಿಸುವ ಕ್ರಮ ನಮ್ಮಲ್ಲಿದೆ. ಸೇರಿಸಿದೆ, ಯಾರೂ ಪ್ರಶ್ನಿಸಲಿಲ್ಲ. ಒಂದು ಹಿಡಿ ಹಬ್ಬಕ್ಕೆ ಹೋಯಿತು ಎಂದು ಬರೆದಿದ್ದರೂ ಅದೇ ಲೆಕ್ಕ ಸಾಕಾಗುತ್ತಿತ್ತು. ಅಂದು ಬದುವಿನ ಮೇಲೆ ಅದು ನನಗೆ ಹೊಳೆದಿರಲಿಲ್ಲವೇ, ಅಥವಾ ಹೊಳೆದೂ 'ಆಗುದಿಲ್ಲ' ಎಂದೆನೇ? ಹೊಳೆದಿರಲಿಲ್ಲ ಎಂದು ಬರೆಯಲು ಕೈ ಬರುವುದಿಲ್ಲ.

ಈ ವರ್ಷವೂ ಅವರು ಗದ್ದೆ ಕೊಟ್ಟರು. ಪ್ರಯೋಗದ ಪಾತಿಗಳಿಂದಾಚೆ, ಬದುವಿನ ಪಕ್ಕ, ಬೇಗ ಬಲಿಯುವ ಭತ್ತದ ಒಂದು ಸಾಲು ಹೆಚ್ಚಿಗೆ ನೆಟ್ಟೆ. ಯಾರಿಗೂ ಹೇಳಲಿಲ್ಲ. ಹಬ್ಬದ ಬೆಳಿಗ್ಗೆ ನಾನೇ ಒಂದು ಕಟ್ಟು ಕೊಯ್ದು ಅವರ ಮನೆಗೆ ಹೋದೆ. ಬಾಗಿಲಲ್ಲಿ ಆಗಲೇ ತೆನೆ ತೂಗುತ್ತಿತ್ತು.

"ಅಯ್ಯೋ, ನಿಮ್ಮ ಲೆಕ್ಕದ್ದು ಯಾಕೆ ಕೊಯ್ದದ್ದು?" ಆಕೆ ನಿಜವಾಗಿಯೂ ಗಾಬರಿಯಾದರು. "ನಮಗೆ ಈಗ ಮಾರ್ಕೆಟಿಂದು ಅಭ್ಯಾಸ ಆಗಿದೆ. ಇದನ್ನು ತೂಗ್ಲಿಕ್ಕೆ ಕೊಂಡೋಗಿ."

ಇದು ಲೆಕ್ಕದ್ದಲ್ಲ ಎಂದೆ. ಅವರು ನಂಬಲಿಲ್ಲ.